ಅಪಾಸ್ಟ್ರಫಿ ಎಲ್ಲಿ ತಪ್ಪಿತು? ಇಂಗ್ಲಿಷ್ ಸಂಕ್ಷಿಪ್ತ ರೂಪಗಳ ದೋಷ ನಿವಾರಣೆ ಕೈಪಿಡಿ

ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ಕಳುಹಿಸುವ ಮುನ್ನ ಕಾಗುಣಿತ ಪರೀಕ್ಷೆ ಮಾಡಿದ್ದೀರಿ. ಒಂದು ಕೆಂಪು ಗೆರೆಯೂ ಕಾಣಲಿಲ್ಲ. ಆದರೂ ಓದಿದವರು ಎರಡನೆಯ ಸಾಲಿನಲ್ಲೇ ತಪ್ಪು ಹಿಡಿಯುತ್ತಾರೆ. ಸಂಕ್ಷಿಪ್ತ ರೂಪಗಳ, ಅಂದರೆ ಕಾಂಟ್ರ್ಯಾಕ್ಷನ್‌ಗಳ ದೋಷ ಬಹಳಷ್ಟು ಸಲ ಹೀಗೆಯೇ ಅಡಗಿ ಕುಳಿತಿರುತ್ತದೆ. ಅಪಾಸ್ಟ್ರಫಿ, ಅಂದರೆ ಅಕ್ಷರಗಳ ಮೇಲ್ಬದಿಯಲ್ಲಿ ಕೂರುವ ’ ಚಿಹ್ನೆ, ಬಿಟ್ಟುಹೋದರೂ, ಬೇಡದ ಕಡೆ ಬಂದು ಕುಳಿತರೂ ಅನೇಕ ಸಲ ಉಳಿಯುವುದು ನಿಘಂಟಿನಲ್ಲಿರುವ ಇನ್ನೊಂದು ಪದವೇ. ಯಂತ್ರದ ಲೆಕ್ಕದಲ್ಲಿ ಅದು ಸರಿ, ವಾಕ್ಯದಲ್ಲಿ ತಪ್ಪು. ಆದ್ದರಿಂದ ಇಂಥ ದೋಷವನ್ನು ಕಣ್ಣಾಡಿಸಿ ಹುಡುಕಿದರೆ ಸಾಲದು, ಪರೀಕ್ಷೆ ಮಾಡಿಯೇ ಹಿಡಿಯಬೇಕು. ಆ ಪರೀಕ್ಷೆ ನಮಗೆ ಕನ್ನಡ ತರಗತಿಯಿಂದಲೇ ಪರಿಚಿತ: ಸಂಧಿ ಬಿಡಿಸುವುದು. ಕುಗ್ಗಿದ ಪದವನ್ನು ಬಿಡಿಸಿ, ಬಿಡಿಸಿದ್ದನ್ನು ವಾಕ್ಯದಲ್ಲಿ ಇಟ್ಟು ಮತ್ತೆ ಓದಿ.

ಇಲ್ಲಿ ಇಂಗ್ಲಿಷ್ ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಅಪಾಸ್ಟ್ರಫಿ ಇರುವ ಕಡೆ ಅದನ್ನು ಹಾಗೆಯೇ ಉಳಿಸಿದೆ. ಒಂದೊಂದು ಅಕ್ಷರವೂ ಮುಖ್ಯವಾದ ಕಡೆ ಅಕ್ಷರಗಳ ಹೆಸರನ್ನು ಬಿಡಿಬಿಡಿಯಾಗಿ ಬರೆದಿದೆ.

ಚಿಹ್ನೆ ತಪ್ಪು ಜಾಗದಲ್ಲಿ ಕುಳಿತಿದೆ

ಲಕ್ಷಣ: “ಡಿಡನ್’ಟ್” ಎಂಬ ಪದವನ್ನು ಡಿ-ಐ-ಡಿ ಬರೆದು, ಅಲ್ಲೇ ಅಪಾಸ್ಟ್ರಫಿ ಹಾಕಿ, ಆಮೇಲೆ ಎನ್-ಟಿ ಸೇರಿಸಲಾಗಿದೆ. “ಡೋನ್’ಟ್”, “ಕುಡನ್’ಟ್”, “ಹ್ಯಾಸನ್’ಟ್” ಪದಗಳಲ್ಲೂ ಚಿಹ್ನೆ ಹೀಗೆಯೇ ಒಂದು ಅಕ್ಷರ ಮುಂಚೆ ಬಂದಿದೆ.

ಕಾರಣ ಸ್ಪಷ್ಟ. ಬರೆದವರು ಅಪಾಸ್ಟ್ರಫಿಯನ್ನು ಎರಡು ಪದಗಳ ನಡುವಿನ ಬೆಸುಗೆ ಎಂದು ತಿಳಿದಿದ್ದಾರೆ. ಅದು ಬೆಸುಗೆಯಲ್ಲ, ಲೋಪದ ಗುರುತು. ಬೇರೆ ಮತ್ತು ಒಬ್ಬ ಸೇರಿ ಬೇರೊಬ್ಬ ಆದಾಗ ಎಕಾರ ಬಿದ್ದುಹೋಗುತ್ತದೆ, ಊರು ಮತ್ತು ಊರು ಸೇರಿ ಊರೂರು ಆದಾಗ ಉಕಾರ ಬಿದ್ದುಹೋಗುತ್ತದೆ. ಕನ್ನಡದ ಲೋಪಸಂಧಿಯಲ್ಲಿ ಬಿದ್ದ ಸ್ವರದ ಜಾಗಕ್ಕೆ ಗುರುತಿಲ್ಲ. ಇಂಗ್ಲಿಷ್ ಆ ಜಾಗದಲ್ಲೇ ಗುರುತು ಇಡುತ್ತದೆ. “ಡಿಡ್ ನಾಟ್” ಕುಗ್ಗುವಾಗ ಹೋದದ್ದು ನಾಟ್‌ನೊಳಗಿನ ಒ ಅಕ್ಷರ. ಹಾಗಾಗಿ ಚಿಹ್ನೆ ಎನ್ ಮತ್ತು ಟಿ ನಡುವೆ ಕೂರಬೇಕು.

ಈ ತಪ್ಪು ತಿಳಿವಳಿಕೆ ಸುಮ್ಮನೆ ಹುಟ್ಟಿದ್ದಲ್ಲ. ನಾವು ಮೊದಲು ಕಲಿಯುವ ರೂಪಗಳು “ಐ’ಮ್”, “ಹೀ’ಸ್”, “ವೀ’ರ್”, “ದೇ’ವ್”. ಇವುಗಳಲ್ಲಿ ಎರಡನೆಯ ಪದದ ಮೊದಲ ಭಾಗವೇ ಬೀಳುವುದರಿಂದ ಲೋಪದ ಜಾಗವೂ ಬೆಸುಗೆಯ ಜಾಗವೂ ಒಂದೇ ಆಗಿಬಿಡುತ್ತದೆ. ತಪ್ಪು ನಿಯಮವೂ ಇಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ನಾಟ್ ಬಂದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಆದ್ದರಿಂದ ಪಾಠ ಹೇಳುವವರು ಮೊದಲ ದಿನವೇ ನಾಟ್ ರೂಪವನ್ನು ತೋರಿಸುವುದು ಒಳ್ಳೆಯದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಬಿಡಿಸುವ ಪರೀಕ್ಷೆಗೆ ನೇರವಾಗಿ ಬಗ್ಗದವು ಎರಡು. “ಶಾನ್’ಟ್” ಎಂಬುದು “ಶ್ಯಾಲ್ ನಾಟ್”ನ ರೂಪ. ಇದರಲ್ಲಿ ಎರಡು ಎಲ್‌ಗಳೂ ಒಂದು ಒ ಕೂಡ ಹೋಗಿವೆ. ಹಳೆಯ ಮುದ್ರಣಗಳಲ್ಲಿ ಎರಡೂ ಲೋಪಗಳಿಗೆ ಒಂದೊಂದು ಅಪಾಸ್ಟ್ರಫಿ ಹಾಕುತ್ತಿದ್ದರು. ಈಗ ಉಳಿದಿರುವುದು ಕೊನೆಯದು ಮಾತ್ರ. “ವೋನ್’ಟ್” ಬಿಡಿಸಿದರೆ “ವಿಲ್ ನಾಟ್” ಬರುತ್ತದೆ, ಆದರೆ ಅದರಲ್ಲಿ ಐ ಅಕ್ಷರವೇ ಇಲ್ಲ. ವಿಲ್ ಎಂಬ ಪದಕ್ಕೆ ಹಿಂದೆ ವೋಲ್ ಎಂಬ ಇನ್ನೊಂದು ರೂಪವಿತ್ತು. ಆ ರೂಪ ಅಳಿದರೂ ಅದರ ನಿಷೇಧ ರೂಪ ಉಳಿದುಕೊಂಡಿತು. ಇವೆರಡನ್ನು ಬಾಯಿಪಾಠ ಮಾಡುವುದೇ ಸರಿ.

ಇಟ್ಸ್, ಯುವರ್, ಹೂಸ್, ದೇರ್

ಅತಿ ಹೆಚ್ಚು ಎಡವುವುದು ಇಲ್ಲಿ. ಮನೆಮಾತು ಇಂಗ್ಲಿಷ್ ಆದವರೂ ಎಡವುತ್ತಾರೆ. ಐ-ಟಿ-ಎಸ್ ಎಂದರೆ ‘ಅದರ’. ಐ-ಟಿ, ಅಪಾಸ್ಟ್ರಫಿ, ಎಸ್ ಎಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”. ಕಿವಿಗೆ ಎರಡೂ ಒಂದೇ.

ಗೊಂದಲದ ಬೇರು ನಾಮಪದಗಳಲ್ಲಿದೆ. ಹುಡುಗನ, ಮನೆಯ ಎನ್ನುವಾಗ ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಮತ್ತು ಎಸ್ ಹಾಕುತ್ತೇವೆ, ಹಾಗಾದರೆ ‘ಅದರ’ ಎನ್ನುವಾಗಲೂ ಹಾಕಬೇಕಲ್ಲವೇ ಎಂದು ಮನಸ್ಸು ತರ್ಕಿಸುತ್ತದೆ. ತರ್ಕದಲ್ಲಿ ದೋಷವಿಲ್ಲ. ಆದರೆ ಸರ್ವನಾಮಗಳಿಗೆ ಷಷ್ಠಿಯಲ್ಲಿ ಬೇರೆಯದೇ ಸಿದ್ಧರೂಪಗಳಿವೆ: ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್. ಇವುಗಳಲ್ಲಿ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ಹಿಸ್ ಎಂದು ಬರೆಯುವಾಗ ಯಾರ ಕೈಯೂ ಚಿಹ್ನೆಯ ಕಡೆಗೆ ಹೋಗುವುದಿಲ್ಲ. ಇಟ್ಸ್ ಅದೇ ಸಾಲಿಗೆ ಸೇರಿದ್ದು. ಒಂದು ಕಾಲದಲ್ಲಿ ‘ಅದರ’ ಎಂಬ ಅರ್ಥದಲ್ಲೂ ಅಪಾಸ್ಟ್ರಫಿ ಹಾಕಿ ಬರೆಯುವ ರೂಢಿಯಿತ್ತು. 1787ರ ಅಮೆರಿಕ ಸಂವಿಧಾನದ ಮೂಲಪ್ರತಿಯಲ್ಲಿ, ಮೊದಲ ವಿಧಿಯ ಹತ್ತನೆಯ ಪರಿಚ್ಛೇದದಲ್ಲಿ, ರಾಜ್ಯವೊಂದರ ತಪಾಸಣಾ ಕಾನೂನುಗಳ ಮಾತು ಬರುವಲ್ಲಿ ಆ ಚಿಹ್ನೆ ಇಂದಿಗೂ ಇದೆ. ಈಗಿನ ರೂಢಿಯಲ್ಲಿ ಅದು ತಪ್ಪು.

ಪರೀಕ್ಷೆ ಮಾಡುವಾಗ ಬಹಳ ಮಂದಿ “ಇಟ್ ಈಸ್” ಒಂದನ್ನೇ ಇಟ್ಟು ನೋಡುತ್ತಾರೆ. ಅಲ್ಲಿ ಸಿಕ್ಕಿಬೀಳುವುದು “ಇಟ್’ಸ್ ಬೀನ್ ರೈನಿಂಗ್” ಎಂಬಂಥ ವಾಕ್ಯ. “ಇಟ್ ಈಸ್ ಬೀನ್” ಎಂದು ಬಿಡಿಸಿ, ಹೊಂದಲಿಲ್ಲವೆಂದು ಅಪಾಸ್ಟ್ರಫಿಯನ್ನೇ ಅಳಿಸಿಹಾಕುತ್ತಾರೆ. ಸರಿಯಿದ್ದದ್ದು ಪರೀಕ್ಷೆಯಿಂದಲೇ ಕೆಡುತ್ತದೆ. ಆದ್ದರಿಂದ ಈಸ್ ಮತ್ತು ಹ್ಯಾಸ್ ಎರಡನ್ನೂ ಇಟ್ಟು ನೋಡಿ. ಎರಡರಲ್ಲಿ ಒಂದು ಹೊಂದಿದರೂ ಚಿಹ್ನೆ ಬೇಕು. ಎರಡೂ ಹೊಂದದಿದ್ದರೆ ಅದು ‘ಅದರ’ ಎಂಬ ಷಷ್ಠಿ ರೂಪ, ಚಿಹ್ನೆ ಬೇಡ. ‘ಯಾರ’ ಎಂಬ ಹೂಸ್‌ಗೂ “ಹೂ’ಸ್”ಗೂ ಇದೇ ಜೋಡಿ ಪರೀಕ್ಷೆ. ಯುವರ್ ಮತ್ತು ದೇರ್‌ಗಳ ವಿಷಯದಲ್ಲಿ ಬಿಡಿಸಬೇಕಾದದ್ದು ಆರ್ ಒಂದೇ. “ಯೂ ಆರ್”, “ದೇ ಆರ್” ಎಂದು ಓದಿದಾಗ ವಾಕ್ಯ ನಿಂತರೆ ಚಿಹ್ನೆ ಹಾಕಿ.

ಇದೇ ಜಾತಿಯ ಇನ್ನೊಂದು ಗುಂಪು ಮೊಬೈಲ್‌ನಲ್ಲಿ ಬರೆಯುವವರನ್ನು ಕಾಡುತ್ತದೆ. ಅಪಾಸ್ಟ್ರಫಿ ಒತ್ತಲು ಬೇಸರಪಟ್ಟರೆ “ವೀ’ಲ್” ಹೋಗಿ ಬಾವಿ ಎಂಬ ಅರ್ಥವೂ ಇರುವ ವೆಲ್ ಆಗುತ್ತದೆ, “ಶೀ’ಲ್” ಚಿಪ್ಪಾಗುತ್ತದೆ, “ಐ’ಲ್” ಕಾಯಿಲೆಯಾಗುತ್ತದೆ, “ವೀ’ರ್” ಭೂತಕಾಲದ ವರ್ ಆಗುತ್ತದೆ. “ಡೋನ್’ಟ್” ಬರೆಯುವಾಗ ಚಿಹ್ನೆ ಬಿಟ್ಟರೆ ಮೊಬೈಲ್ ತಾನೇ ತಿದ್ದುವುದುಂಟು, ಏಕೆಂದರೆ ಚಿಹ್ನೆ ಇಲ್ಲದ ಆ ಪದ ನಿಘಂಟಿನಲ್ಲಿಲ್ಲ. ಮೇಲಿನವುಗಳು ನಿಘಂಟಿನಲ್ಲಿವೆ, ಹಾಗಾಗಿ ಇಲ್ಲಿ ಯಂತ್ರವನ್ನು ನಂಬಿ ಕೂರಬಾರದು.

ಬಹುವಚನಕ್ಕೆ ಅಪಾಸ್ಟ್ರಫಿ ಹಾಕುವುದೂ ಇದೇ ರೋಗದ ಕವಲು. ಎಸ್ ಕಂಡಲ್ಲೆಲ್ಲ ಚಿಹ್ನೆ ಹಾಕುವ ಅಭ್ಯಾಸವನ್ನು ಬಿಡಿ, ಅಷ್ಟೇ ಸಾಕು.

ಬಾಲದಲ್ಲಿ ಅಡಗಿರುವುದು ಯಾವ ಪದ?

ಇದು ಓದುವಾಗಿನ ದೋಷ. ಅಪಾಸ್ಟ್ರಫಿ-ಎಸ್ ಎಂಬ ಬಾಲ ಈಸ್ ಆಗಬಹುದು, ಹ್ಯಾಸ್ ಆಗಬಹುದು, ಲೆಟ್ ಜೊತೆ ಬಂದಾಗ ಅಸ್ ಆಗಬಹುದು. ಅದು ವಾಸ್ ಮಾತ್ರ ಆಗುವುದಿಲ್ಲ. ಭೂತಕಾಲದ ವಾಸ್ ಕುಗ್ಗಿಸಲು “ಹೀ’ಸ್” ಎಂದು ಬರೆದಿದ್ದರೆ ಅದನ್ನು ತಿದ್ದಲೇಬೇಕು. ಅಪಾಸ್ಟ್ರಫಿ-ಡಿ ಬಾಲದಲ್ಲಿ ಹ್ಯಾಡ್ ಇರಬಹುದು, ವುಡ್ ಇರಬಹುದು. ಮಾತಿನಲ್ಲಿ, ಪ್ರಶ್ನಾರ್ಥಕ ಪದಗಳ ಬೆನ್ನಿಗೆ, ಡಿಡ್ ಕೂಡ ಇರಬಹುದು.

ಬಾಲದ ಗುರುತು ಹಿಡಿಯಲು ಅದರ ಮುಂದಿನ ಪದವನ್ನು ನೋಡಿ. ಡಿ ಆದಮೇಲೆ ಕ್ರಿಯಾಪದದ ಮೂಲರೂಪ ಬಂದರೆ ವುಡ್. ಗೋ, ವೆಂಟ್, ಗಾನ್ ಪಟ್ಟಿಯ ಮೂರನೆಯ ರೂಪ ಬಂದರೆ ಹ್ಯಾಡ್. “ಶೀ’ಡ್ ಗೋ” ಎಂಬುದರಲ್ಲಿ ವುಡ್ ಇದೆ, “ಶೀ’ಡ್ ಗಾನ್” ಎಂಬುದರಲ್ಲಿ ಹ್ಯಾಡ್ ಇದೆ. ಎಸ್ ಆದಮೇಲೆ ಇಂಗ್ ರೂಪವೋ ನಾಮಪದವೋ ವಿಶೇಷಣವೋ ಬಂದರೆ ಈಸ್. ಬೀನ್ ಅಥವಾ ಗಾಟ್ ಬಂದರೆ ಹ್ಯಾಸ್. ಮೂರನೆಯ ರೂಪ ಬಂದಾಗ ಸ್ವಲ್ಪ ನಿಲ್ಲಬೇಕು. “ಇಟ್’ಸ್ ಬ್ರೋಕನ್” ಎಂದರೆ ಅದು ಮುರಿದ ಸ್ಥಿತಿಯಲ್ಲಿದೆ, ಹಾಗಾಗಿ ಈಸ್. “ಇಟ್’ಸ್ ಬ್ರೋಕನ್ ದಿ ಗ್ಲಾಸ್” ಎಂದರೆ ಅದು ಗಾಜನ್ನು ಮುರಿದಿದೆ, ಹಾಗಾಗಿ ಹ್ಯಾಸ್. ಮುಂದೆ ಕರ್ಮಪದ ಇದೆಯೇ ಎಂಬುದರ ಮೇಲೆ ಉತ್ತರ ನಿಂತಿದೆ.

ಇಷ್ಟರಿಂದಲೂ ಸಂಶಯ ಹೋಗದಿದ್ದರೆ ನನಗೆ ಅಚ್ಚುಮೆಚ್ಚಿನ ಇನ್ನೊಂದು ಉಪಾಯವಿದೆ. ವಾಕ್ಯದ ಕೊನೆಗೆ ‘ಅಲ್ಲವೇ’ ಎಂಬ ಅರ್ಥದ ಬಾಲಪ್ರಶ್ನೆ ಸೇರಿಸಿ ನೋಡಿ. ಅಡಗಿದ್ದ ಸಹಾಯಕ ಕ್ರಿಯಾಪದ ತಾನಾಗಿ ಹೊರಗೆ ಬರುತ್ತದೆ. “ಹೀ’ಸ್ ಟಯರ್ಡ್, ಇಸನ್’ಟ್ ಹೀ?” ಎಂದಾಗ ಈಸ್ ಸಿಕ್ಕಿತು. “ಹೀ’ಸ್ ಲಾಸ್ಟ್ ದಿ ಕೀ, ಹ್ಯಾಸನ್’ಟ್ ಹೀ?” ಎಂದಾಗ ಹ್ಯಾಸ್ ಸಿಕ್ಕಿತು. “ಶೀ’ಡ್ ಲೈಕ್ ಇಟ್, ವುಡನ್’ಟ್ ಶೀ?” “ಯೂ’ಡ್ ಬೆಟರ್ ಗೋ, ಹ್ಯಾಡನ್’ಟ್ ಯೂ?” ಕೊನೆಯದನ್ನು ಗಮನಿಸಿ. ಬೆಟರ್ ಜೊತೆಗಿನ ಬಾಲ ಹ್ಯಾಡ್, ಮುಂದೆ ಮೂಲರೂಪದ ಗೋ ಇದ್ದರೂ ಅದು ವುಡ್ ಅಲ್ಲ. ರಾದರ್ ಜೊತೆಗಿನ ಬಾಲ ವುಡ್. ಈ ಪರೀಕ್ಷೆ ಮಾಡುತ್ತಾ ಹೋದರೆ ಎಲ್ಲ ವಾಕ್ಯಕ್ಕೂ “ಇಸನ್’ಟ್ ಇಟ್” ಎಂದು ಅಂಟಿಸುವ ಅಭ್ಯಾಸವೂ ಕಳಚಿಕೊಳ್ಳುತ್ತದೆ.

ಯಾವ ಪರೀಕ್ಷೆಗೂ ಬಗ್ಗದ ವಾಕ್ಯಗಳೂ ಇವೆ. ಕಮ್, ಕಟ್, ಪುಟ್ ಮುಂತಾದವುಗಳಲ್ಲಿ ಮೂಲರೂಪವೂ ಮೂರನೆಯ ರೂಪವೂ ಒಂದೇ. “ದೇ’ಡ್ ಕಟ್ ದಿ ಪವರ್” ಎಂದರೆ ಅವರು ವಿದ್ಯುತ್ ಕಡಿತ ಮಾಡಿದ್ದರೋ, ಮಾಡುತ್ತಿದ್ದರೋ? ಅಕ್ಕಪಕ್ಕದ ವಾಕ್ಯಗಳಿಂದಲೇ ತಿಳಿಯಬೇಕು. ಬರೆಯುತ್ತಿರುವವರು ನೀವೇ ಆದರೆ ಇಲ್ಲಿ ಕುಗ್ಗಿಸಲೇಬೇಡಿ.

ವಾಕ್ಯದ ಕೊನೆಯಲ್ಲಿ ಒಡೆದುಹೋಗುವ ರೂಪ

“ಆರ್ ಯೂ ರೆಡಿ?” ಎಂಬ ಪ್ರಶ್ನೆಗೆ “ಯೆಸ್, ಐ’ಮ್” ಎಂಬ ಉತ್ತರ. ಇದನ್ನು ಬಿಡಿಸಿದರೆ “ಯೆಸ್, ಐ ಆಮ್” ಬರುತ್ತದೆ. ಅದು ಸರಿಯಾಗಿಯೇ ಇದೆ, ಆದರೂ ಕುಗ್ಗಿದ್ದು ತಪ್ಪು. ಬಿಡಿಸುವ ಪರೀಕ್ಷೆ ಕೈಕೊಡುವುದು ಇಂಥ ಕಡೆ. ಆದ್ದರಿಂದ ಕಾರಣವನ್ನು ತಿಳಿದುಕೊಂಡೇ ಮುಂದೆ ಹೋಗಬೇಕು.

ಸಹಾಯಕ ಕ್ರಿಯಾಪದ ಕುಗ್ಗುವುದು ಅದರ ಮೇಲೆ ಒತ್ತು ಇಲ್ಲದಿದ್ದಾಗ. ಒತ್ತಿಲ್ಲದ ಆ ತುಣುಕಿಗೆ ಮುಂದೆ ಆಸರೆಯಾಗಿ ಒಂದು ಪದ ಬೇಕು. “ಐ’ಮ್ ರೆಡಿ” ಎಂದಾಗ ರೆಡಿ ಆಸರೆಯಾಯಿತು. “ಯೆಸ್, ಐ ಆಮ್” ಎಂದಾಗ ರೆಡಿ ಎಂಬ ಪದವನ್ನು ಹೇಳದೆ ಬಿಟ್ಟಿದ್ದೇವೆ. ಆ ಖಾಲಿ ಜಾಗದ ಮುಂದೆ ನಿಂತ ಆಮ್ ಪೂರ್ಣ ಒತ್ತು ಪಡೆಯುತ್ತದೆ, ಕುಗ್ಗಲಾರದು. “ಶೀ ಈಸ್ ಟಾಲರ್ ದ್ಯಾನ್ ಐ ಆಮ್” ಎಂಬಲ್ಲಿಯೂ ಹೀಗೆಯೇ. “ಐ ಡೋನ್’ಟ್ ನೋ ವೇರ್ ಹೀ ಈಸ್” ಎಂಬಲ್ಲಿಯೂ ಹೀಗೆಯೇ, ಏಕೆಂದರೆ ಎಲ್ಲಿ ಎಂಬ ಪದ ಈಸ್‌ನ ಮುಂದಿನ ಜಾಗವನ್ನು ಬಿಟ್ಟು ಹಿಂದಕ್ಕೆ ಹೋಗಿದೆ. ವಾಕ್ಯದ ಕೊನೆ ಎಂಬುದು ಒಂದು ಸುಳಿವು ಮಾತ್ರ. “ಐ ವಂಡರ್ ವೇರ್ ಹೀ ಈಸ್ ನೌ” ಎಂಬಲ್ಲಿ ಈಸ್ ಕೊನೆಯಲ್ಲಿಲ್ಲ, ಆದರೂ ಖಾಲಿ ಜಾಗ ಅದರ ಮುಂದೆಯೇ ಇರುವುದರಿಂದ ಕುಗ್ಗಿಸುವಂತಿಲ್ಲ.

ನಾಟ್ ಬಾಲಕ್ಕೆ ಈ ಕಟ್ಟಳೆ ಇಲ್ಲ. “ನೋ, ಐ ಡೋನ್’ಟ್”, “ನೋ, ಶೀ ಇಸನ್’ಟ್” ಎಂದು ಧಾರಾಳವಾಗಿ ಮುಗಿಸಬಹುದು. ಈ ಅಸಮತೋಲವೇ ಕಲಿಯುವವರನ್ನು ಗೊಂದಲಕ್ಕೆ ತಳ್ಳುತ್ತದೆ. ನಾಟ್ ರೂಪ ಕೊನೆಯಲ್ಲಿ ಕೇಳಿಸಿದ್ದರಿಂದ ಉಳಿದವೂ ಕೊನೆಯಲ್ಲಿ ಬರಬಹುದು ಎಂದು ಅವರು ಊಹಿಸುತ್ತಾರೆ.

ಹ್ಯಾವ್ ಎಲ್ಲಿ ಕುಗ್ಗುತ್ತದೆ?

ಹ್ಯಾವ್ ಸಹಾಯಕ ಕ್ರಿಯಾಪದವಾಗಿ ಬಂದಾಗ ಸುಲಭವಾಗಿ ಕುಗ್ಗುತ್ತದೆ: “ಐ’ವ್ ಸೀನ್ ಇಟ್”. ‘ನನ್ನ ಬಳಿ ಇದೆ’ ಎಂಬ ಅರ್ಥದಲ್ಲಿ ತಾನೇ ಮುಖ್ಯ ಕ್ರಿಯಾಪದವಾದಾಗ ಕುಗ್ಗಿಸದಿರುವುದು ಕ್ಷೇಮ. ಬ್ರಿಟಿಷ್ ಬಳಕೆಯಲ್ಲಿ “ಐ’ವ್ ಎ ಕಾರ್” ಎಂಬ ಮಾದರಿ ಇದೆ, ಅಮೆರಿಕದಲ್ಲಿ ಅದು ಕಿವಿಗೆ ಹಿಡಿಸುವುದಿಲ್ಲ. “ಹೀ’ಸ್ ಎ ಕಾರ್” ಎಂದು ಬರೆದರೆ ಆತನೇ ಕಾರು ಎಂಬ ಅರ್ಥ ಬರುತ್ತದೆ. ಮಾಡಲೇಬೇಕು ಎಂಬ ಅರ್ಥದ “ಹ್ಯಾವ್ ಟು” ಕೂಡ ಪೂರ್ತಿಯಾಗಿಯೇ ಇರಲಿ: “ಐ ಹ್ಯಾವ್ ಟು ಗೋ”.

“ಶುಡ್’ವ್” ಎಂಬುದರ ಕೊನೆಯ ಧ್ವನಿ ಆಫ್ ಎಂಬ ಪದದ ಒತ್ತಿಲ್ಲದ ಉಚ್ಚಾರಕ್ಕೆ ಸಮ. ಕೇಳಿಸಿದಂತೆ ಬರೆದವರು ಶುಡ್ ಆದಮೇಲೆ ಒ-ಎಫ್ ಎಂದು ಬರೆದುಬಿಡುತ್ತಾರೆ. ಶುಡ್, ಕುಡ್, ವುಡ್, ಮೈಟ್, ಮಸ್ಟ್ ಇವುಗಳ ಬೆನ್ನಿಗೆ ಒ-ಎಫ್ ಕಂಡು, ಮುಂದೆ ಮೂರನೆಯ ರೂಪವೂ ಇದ್ದರೆ ಅಲ್ಲಿ ಇರಬೇಕಾದದ್ದು ಹ್ಯಾವ್.

ಬಿಡಿಸುವಾಗ ಕೆಡುವ ವಾಕ್ಯಗಳು

ಔಪಚಾರಿಕ ವರದಿಗೆಂದು ಎಲ್ಲ ಸಂಕ್ಷಿಪ್ತ ರೂಪಗಳನ್ನು ಕಂಪ್ಯೂಟರಿನ ಹುಡುಕು-ಬದಲಾಯಿಸು ಸೌಲಭ್ಯದಿಂದ ಒಂದೇ ಏಟಿಗೆ ಬಿಡಿಸಿದವರಿಗೆ ಈ ಸಮಸ್ಯೆ ಗೊತ್ತಿರುತ್ತದೆ. “ಡೋನ್’ಟ್ ಯೂ ಅಗ್ರೀ?” ಎಂಬುದು “ಡು ನಾಟ್ ಯೂ ಅಗ್ರೀ?” ಆಗಿ ಕುಂಟುತ್ತದೆ. ಪ್ರಶ್ನೆಯಲ್ಲಿ ಕುಗ್ಗಿದ ನಾಟ್ ಕರ್ತೃಪದದ ಹಿಂದೆ ನಿಲ್ಲುತ್ತದೆ, ಬಿಡಿಸಿದ ನಾಟ್ ಕರ್ತೃಪದವನ್ನು ದಾಟಿ ಮುಂದೆ ಹೋಗಬೇಕು: “ಡು ಯೂ ನಾಟ್ ಅಗ್ರೀ?” ಇನ್ನೂ ವಿಚಿತ್ರವಾದದ್ದು “ಆರನ್’ಟ್ ಐ?” ಎಂಬ ರೂಪ. ಅದನ್ನು ಬಿಡಿಸಿದರೆ “ಆಮ್ ಐ ನಾಟ್?” ಬರಬೇಕು, ಆರ್ ಅಲ್ಲಿ ಇರುವಂತೆಯೇ ಇಲ್ಲ. ಆಮ್ ಮತ್ತು ನಾಟ್ ಸೇರಿದ “ಆಮನ್’ಟ್” ಎಂಬ ರೂಪ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳ ಮಾತಿನಲ್ಲಿ ಉಳಿದಿದೆ, ಬೇರೆ ಕಡೆಯ ಶಿಷ್ಟ ಇಂಗ್ಲಿಷಿನಲ್ಲಿ ಅದರ ಜಾಗವನ್ನು ಆರ್ ತುಂಬಿದೆ. “ಲೆಟ್’ಸ್ ಗೋ” ಎಂಬುದು ನಾವೆಲ್ಲ ಹೋಗೋಣ ಎಂಬ ಕರೆ. ಬಿಡಿಸಿ “ಲೆಟ್ ಅಸ್ ಗೋ” ಎಂದರೆ ನಮ್ಮನ್ನು ಹೋಗಲು ಬಿಡಿ ಎಂಬ ಬೇಡಿಕೆಯಾಗಿಯೂ ಕೇಳಿಸಬಹುದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಎಲ್ಲ ಕಡೆ ಬಿಡಿಸಬೇಕೇ? ಬೇಡ. ಸ್ನೇಹಿತರಿಗೆ ಬರೆಯುವ ಪತ್ರದಲ್ಲಿ, ಸಂಭಾಷಣೆಯಲ್ಲಿ ಪೂರ್ಣ ರೂಪಗಳನ್ನೇ ಸುರಿದರೆ ಬರಹ ಮರಗಟ್ಟುತ್ತದೆ. ಕರಾರುಪತ್ರ, ಸಂಶೋಧನಾ ಪ್ರಬಂಧಗಳಲ್ಲಿ ಬಿಡಿಸಿ ಬರೆಯುವುದೇ ರೂಢಿ. ಇವೆರಡರ ನಡುವೆ ನನಗೆ ಬಹಳ ಮುಖ್ಯವೆನಿಸುವುದು ಎಚ್ಚರಿಕೆಯ ಸೂಚನೆಗಳು. “ಡೋನ್’ಟ್” ಪದದಲ್ಲಿ ನಿಷೇಧವೆಲ್ಲ ನಿಂತಿರುವುದು ಎರಡು ಅಕ್ಷರ ಮತ್ತು ಒಂದು ಚುಕ್ಕೆಯಂಥ ಚಿಹ್ನೆಯ ಮೇಲೆ. ಅವಸರದಲ್ಲಿ ಓದುವವರ ಕಣ್ಣಿಗೆ ಅದು ತಪ್ಪಿದರೆ ಸೂಚನೆ ತಿರುಗುಮುರುಗಾಗುತ್ತದೆ. ಬ್ರಿಟನ್ ಸರ್ಕಾರದ ಜಾಲತಾಣದ ಬರವಣಿಗೆ ಮಾರ್ಗಸೂಚಿಯೂ “ಕ್ಯಾನ್’ಟ್”, “ಡೋನ್’ಟ್” ಮುಂತಾದ ನಿಷೇಧ ರೂಪಗಳನ್ನು ಬಿಟ್ಟು ಪೂರ್ತಿ ಬರೆಯುವಂತೆ ಹೇಳುತ್ತದೆ, ಓದುವವರು ಅವನ್ನು ವಿರುದ್ಧಾರ್ಥದಲ್ಲಿ ಓದಿಕೊಳ್ಳುವುದುಂಟು ಎಂಬುದೇ ಕಾರಣ. ಔಷಧಿ, ವಿದ್ಯುತ್, ಯಂತ್ರ, ಇವುಗಳ ಬಗ್ಗೆ ಬರೆಯುವಾಗ “ಡು ನಾಟ್” ಎಂದೇ ಬರೆಯಿರಿ.

ಕೇಳುವಾಗಲೂ ಇದೇ ಅಪಾಯ. ಅಮೆರಿಕದವರ ಮಾತಿನಲ್ಲಿ ಕ್ಯಾನ್ ಮತ್ತು “ಕ್ಯಾನ್’ಟ್” ನಡುವೆ ಟಿ ಹುಡುಕಿದರೆ ಅನೇಕ ಸಲ ಸಿಗುವುದಿಲ್ಲ, ಅದು ಗಂಟಲಲ್ಲೇ ನಿಂತುಬಿಡುತ್ತದೆ. ಟಿ ಬಿಟ್ಟು ಸ್ವರಕ್ಕೆ ಕಿವಿಗೊಡಿ. ವಾಕ್ಯದ ನಡುವಿನ ಕ್ಯಾನ್ ಒತ್ತಿಲ್ಲದೆ ‘ಕನ್’ ಎಂಬಷ್ಟಕ್ಕೆ ಇಳಿದು ಮುಂದಿನ ಕ್ರಿಯಾಪದದ ಮೇಲೆ ಒತ್ತು ಬೀಳುತ್ತದೆ. “ಕ್ಯಾನ್’ಟ್” ತನ್ನ ಸ್ವರವನ್ನು ಪೂರ್ತಿಯಾಗಿ ಉಳಿಸಿಕೊಳ್ಳುತ್ತದೆ. ದೂರವಾಣಿಯಲ್ಲಿ ನೀವೇ ಹೇಳುವವರಾದರೆ ಕ್ಯಾನಾಟ್ ಎಂದು ಪೂರ್ತಿ ಹೇಳಿ.

ಎಲ್ಲ ಸರಿಯಿದ್ದೂ ಹುಡುಕಾಟದಲ್ಲಿ ಸಿಗುತ್ತಿಲ್ಲ

ಕಡತದಲ್ಲಿ “ಡೋನ್’ಟ್” ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ವ್ಯಾಕರಣದ ದೋಷವಿಲ್ಲ, ಅಪಾಸ್ಟ್ರಫಿಗಳೇ ಎರಡು ಬಗೆ. ಕೀಲಿಮಣೆಯ ನೆಟ್ಟಗಿನ ಚಿಹ್ನೆಗೆ ಯುನಿಕೋಡ್ ಎಂಬ ಕಂಪ್ಯೂಟರ್ ಅಕ್ಷರಸಂಕೇತಗಳ ಪಟ್ಟಿಯಲ್ಲಿ 0027 ಸಂಕೇತ, ಮುದ್ರಣದ ಬಾಗಿದ ಚಿಹ್ನೆಗೆ 2019 ಸಂಕೇತ. ಬರವಣಿಗೆಯ ತಂತ್ರಾಂಶ ಮೊದಲನೆಯದನ್ನು ಎರಡನೆಯದಾಗಿ ಬದಲಾಯಿಸಿರುತ್ತದೆ. ಕೆಲವು ತಂತ್ರಾಂಶಗಳು ಎರಡನ್ನೂ ಒಂದೇ ಎಂದು ಹುಡುಕುತ್ತವೆ, ಕೆಲವು ಹಾಗೆ ಮಾಡುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ ನೋಡಿ. ಪದದ ಮೊದಲಲ್ಲೇ ಅಪಾಸ್ಟ್ರಫಿ ಬರುವಾಗ, ಉದಾಹರಣೆಗೆ ’90ರ ದಶಕ ಎಂಬಂತೆ ಶತಮಾನದ ಅಂಕಿಗಳನ್ನು ಬಿಟ್ಟು ಬರೆಯುವಾಗ, ತಂತ್ರಾಂಶ ಅದನ್ನು ಉದ್ಧರಣೆಯ ಆರಂಭವೆಂದು ತಿಳಿದು ತಿರುಗುಮುರುಗಾದ ಚಿಹ್ನೆ ಹಾಕುತ್ತದೆ. ಪಕ್ಕದಲ್ಲಿ ಎರಡು ಸಲ ಒತ್ತಿ ಮೊದಲನೆಯದನ್ನು ಅಳಿಸಿದರೆ ಸರಿಯಾದದ್ದು ಉಳಿಯುತ್ತದೆ. ಎಸ್ಎಂಎಸ್ ಕಳುಹಿಸುವಾಗ ನೆಟ್ಟಗಿನ ಚಿಹ್ನೆಯನ್ನೇ ಬಳಸಿ. ಜಿಎಸ್‌ಎಂ ಎಂಬ ಮೊಬೈಲ್ ವ್ಯವಸ್ಥೆಯ ಮೂಲ ಅಕ್ಷರಪಟ್ಟಿಯಲ್ಲಿ ಬಾಗಿದ ಅಪಾಸ್ಟ್ರಫಿ ಇಲ್ಲ. ಕಳುಹಿಸುವ ವ್ಯವಸ್ಥೆ ತಾನೇ ಬದಲಾಯಿಸದಿದ್ದರೆ, ಅದು ಒಂದೇ ಒಂದು ಸೇರಿದರೂ ಒಂದು ಸಂದೇಶದ ಮಿತಿ 160 ಅಕ್ಷರಗಳಿಂದ 70ಕ್ಕೆ ಇಳಿಯುತ್ತದೆ.